ಅರವತ್ತೆರಡರಲ್ಲಿ ಕಲಿತ ದೋಣಿಯ ಪಾಠ

2025ರ ಮಾರ್ಚ್ ತಿಂಗಳಲ್ಲಿ ನಾನು ಸ್ಯಾಕ್ರಮೆಂಟೊ ಸಮೀಪದ ವೃದ್ಧರೊಬ್ಬರಿಂದ 16 ಅಡಿ ಉದ್ದದ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು, ಅದರ ಟ್ರೇಲರ್ ಮತ್ತು 40 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಸಮೇತ, ಕೊಂಡುಕೊಂಡೆ. ಹಣ ಎಣಿಸಿಕೊಂಡು, ಮಾಲೀಕತ್ವದ ಕಾಗದಕ್ಕೆ ಸಹಿ ಹಾಕಿದ ಮೇಲೆ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಬಳಿ ಬೋಟರ್ ಕಾರ್ಡ್ ಇದೆಯೇ? ಇಲ್ಲವೆಂದೆ. ನಾನು ಹುಟ್ಟಿ ಬೆಳೆದದ್ದು ಗಂಗೊಳ್ಳಿಯಲ್ಲಿ, ಐದು ನದಿಗಳು ಒಂದಾಗಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ. ನನ್ನ ಸೋದರಮಾವ ಕಡವಿನ ದೋಣಿ ನಡೆಸಿ ಸಂಸಾರ ಸಾಕಿದವರು. ಏಳನೆಯ ವಯಸ್ಸಿಗೇ ನಾನು ಅವರ ಪಕ್ಕದಲ್ಲಿ ಕೂತು ಹುಟ್ಟು ಹಾಕಿದವನು. ಇಷ್ಟನ್ನೂ ಆ ವೃದ್ಧರಿಗೆ ಹೇಳಿದೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, "ಬಹಳ ಚೆನ್ನಾಗಿದೆ, ಆದರೂ ಕಾರ್ಡ್ ಬೇಕು" ಎಂದರು.

ಮನೆಗೆ ಬಂದು ಕಾನೂನನ್ನು ಓದಿದೆ. ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ ಇರುವ ದೋಣಿಯನ್ನು ನಡೆಸುವವರು ಸುರಕ್ಷತೆಯ ಪಾಠ ಓದಿ, ಪರೀಕ್ಷೆ ಪಾಸು ಮಾಡಿ, ಕಾರ್ಡ್ ಪಡೆದಿರಬೇಕೆಂಬ ಕಾನೂನು 2014ರಲ್ಲಿ ಆಯಿತು; ಆದರೆ ಅದನ್ನು ಒಮ್ಮೆಲೇ ಎಲ್ಲರ ಮೇಲೆ ಹೇರದೆ ವಯಸ್ಸಿನ ಪ್ರಕಾರ ಮೆಟ್ಟಿಲು ಮೆಟ್ಟಿಲಾಗಿ ಜಾರಿಗೆ ತಂದರು. 2018ರ ಜನವರಿ 1ರಂದು 20 ವರ್ಷ ಮತ್ತು ಅದಕ್ಕಿಂತ ಕಿರಿಯರಿಗೆ ಅನ್ವಯವಾದ ನಿಯಮ, ವರ್ಷ ವರ್ಷವೂ ಮೇಲೇರುತ್ತ 2024ರಲ್ಲಿ 60 ವರ್ಷದವರವರೆಗೆ ಬಂತು. 2025ರ ಜನವರಿ 1ರಿಂದ ವಯಸ್ಸಿನ ಮಾತೇ ಇಲ್ಲದೆ ಎಲ್ಲರಿಗೂ ಕಡ್ಡಾಯವಾಯಿತು. ಶುಲ್ಕ 10 ಡಾಲರ್, ಕಾರ್ಡ್ ಆಜೀವ ಪರ್ಯಂತ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 100 ಡಾಲರ್‌ವರೆಗೆ ದಂಡ. ನನಗೆ ಆಗ 62 ವರ್ಷ. ಅಂದರೆ ನಾನು ಕಟ್ಟಕಡೆಯ ತಂಡದವನು. ಅನುಭವ ಉಳ್ಳವರಿಗೆ ಕೊನೆಯವರೆಗೆ ವಿನಾಯಿತಿ ಕೊಟ್ಟಿದ್ದು ನ್ಯಾಯವೆಂದು ನನಗೆ ಆಗ ಅನ್ನಿಸಿತು. ಅನುಭವ ಉಳ್ಳವರು ಮತದಾರರೂ ಆಗಿರುತ್ತಾರೆ ಎಂಬುದು ಆಮೇಲೆ ಹೊಳೆಯಿತು.

ಅಂತರ್ಜಾಲದಲ್ಲಿ ಮನೆಯಲ್ಲಿಯೇ ಕೂತು ಮುಗಿಸಬಹುದಾದ ಪಾಠಗಳಿವೆ. ಅವುಗಳಲ್ಲಿ ಕೆಲವು ಉಚಿತ. ನಾನು ಆರಿಸಿಕೊಂಡ ಪಾಠದಲ್ಲಿ ಪ್ರತಿ ಪುಟಕ್ಕೂ ಒಂದು ಗಡಿಯಾರ ಕಟ್ಟಿದ್ದರು. ಅದು ಮುಗಿಯುವ ತನಕ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಲಂಗರು ಎಂದರೆ ಏನು, ದೋಣಿಯ ಮುಂಬದಿ ಯಾವುದು, ಹಿಂಬದಿ ಯಾವುದು ಎಂಬುದನ್ನು ಓದುತ್ತ, ಗಡಿಯಾರ ಇಳಿಯುವುದನ್ನು ಕಾಯುತ್ತ, ಅಡುಗೆಮನೆಯ ಮೇಜಿನ ಮುಂದೆ ಕೂತ ನನ್ನನ್ನು ನೋಡಿ ಹೆಂಡತಿ, ಇಂಪೊಸಿಷನ್ ಬರೆಯುವ ಹುಡುಗನ ಹಾಗೆ ಕಾಣುತ್ತೀರಿ ಎಂದು ನಕ್ಕಳು. ಮಾವ ಇದ್ದಿದ್ದರೆ ಏನು ಹೇಳುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದ ಅವರು ಬಂದರಿನ ಕಚೇರಿಯವರು ಏನಾದರೂ ಕಾಗದ ಕೇಳಿದಾಗಲೆಲ್ಲ ಹೇಳುತ್ತಿದ್ದ ಮಾತು ಒಂದಿತ್ತು: "ನೀರ್ ಕಾಂಬುಕೆ ಬಾರದವನಿಗೆ ಪುಸ್ತಕ ಎಂತ ಮಾಡತ್ತ್?"

ಎರಡನೆಯ ಅಧ್ಯಾಯದ ಕೊನೆಯ ಪ್ರಶ್ನೆಯಲ್ಲಿ ನಾನು ಎಡವಿದೆ. ನಿಮ್ಮ ಬಲಗಡೆಯಿಂದ ಇನ್ನೊಂದು ಎಂಜಿನ್ ದೋಣಿ ನಿಮ್ಮ ಹಾದಿಗೆ ಅಡ್ಡ ಬರುತ್ತಿದೆ, ದಾರಿ ಬಿಡಬೇಕಾದವರು ಯಾರು ಎಂದು ಕೇಳಿದ್ದರು. ಹಗುರವಾಗಿರುವ ದೋಣಿಯೇ ಬಿಡಬೇಕು ಎಂಬರ್ಥದ ಉತ್ತರವನ್ನು ಒತ್ತಿದೆ. ನಮ್ಮ ಕಡವಿನಲ್ಲಿ ನಡೆಯುತ್ತಿದ್ದದ್ದು ಹಾಗೆಯೇ: ಜನ ತುಂಬಿದ ದೋಣಿಯವನು ಕೂಗು ಹಾಕುತ್ತಿದ್ದ, ಖಾಲಿ ದೋಣಿಯವನು ಸರಿಯುತ್ತಿದ್ದ. ಉತ್ತರ ತಪ್ಪು ಎಂದು ಕೆಂಪು ಅಕ್ಷರದಲ್ಲಿ ಬಂತು. ಐದು ಪ್ರಶ್ನೆಗಳಲ್ಲಿ ಮೂರು ತಪ್ಪು. ಯಾರೂ ನೋಡದಿದ್ದರೂ ನಾಚಿಕೆಯಾಯಿತು. ಪರದೆಯನ್ನು ಮುಚ್ಚಿ, ಕೋಸ್ಟ್ ಗಾರ್ಡ್ ಆಕ್ಸಿಲಿಯರಿಯವರು ಶನಿವಾರ ನಡೆಸುವ ಒಂದು ದಿನದ ತರಗತಿಗೆ ಹೆಸರು ಕೊಟ್ಟೆ. ಆಕ್ಸಿಲಿಯರಿ ಎಂಬುದು ಅಮೆರಿಕದ ಕಡಲ ಕಾವಲು ಪಡೆಯ ಸ್ವಯಂಸೇವಕ ಅಂಗ, 1939ರಿಂದ ಇದೆ. ಅಲ್ಲಿ ಪಾಠ ಹೇಳುವವರು ಸಂಬಳವಿಲ್ಲದೆ ಬರುವ ಸಾಮಾನ್ಯ ನಾಗರಿಕರು.

ತರಗತಿ ನಡೆದದ್ದು ಅಗ್ನಿಶಾಮಕ ಠಾಣೆಯೊಂದರ ಸಭಾಕೋಣೆಯಲ್ಲಿ. ಸುಮಾರು ಇಪ್ಪತ್ತು ಜನರಿದ್ದೆವು. ಅಪ್ಪನ ಜೊತೆ ಬಂದಿದ್ದ ಹದಿಹರೆಯದ ಹುಡುಗಿಯನ್ನು ಬಿಟ್ಟರೆ ಉಳಿದವರೆಲ್ಲ ನನ್ನ ವಯಸ್ಸಿನ ಆಸುಪಾಸಿನವರು, ಹೆಚ್ಚಿನವರು ಕೈಕಟ್ಟಿ ಕೂತವರು. ನನ್ನ ಪಕ್ಕದವರು ಐವತ್ತು ವರ್ಷಗಳಿಂದ ಸ್ಯಾಕ್ರಮೆಂಟೊ ನದಿಯ ಮುಖಜಭೂಮಿಯಾದ ಡೆಲ್ಟಾದಲ್ಲಿ ಮೀನು ಹಿಡಿಯುತ್ತಿರುವುದಾಗಿ, ಸರ್ಕಾರಕ್ಕೆ ಬೇರೆ ಕೆಲಸವಿಲ್ಲವೆಂಬುದಾಗಿ, ಪಾಠ ಆರಂಭವಾಗುವ ಮುನ್ನವೇ ಎರಡು ಸಲ ಹೇಳಿದರು. ಪಾಠ ಹೇಳಿದವರು ನಿವೃತ್ತ ದಾದಿಯೊಬ್ಬರು. ಅವರು ಆರಂಭಿಸಿದ್ದು ದೀಪಗಳಿಂದ.

ದೋಣಿಯ ಬಲಬದಿಗೆ ಹಸಿರು ದೀಪ, ಎಡಬದಿಗೆ ಕೆಂಪು ದೀಪ. ಇದು ನನಗೆ ಗೊತ್ತಿತ್ತು. ಏಕೆ ಎಂಬುದು ಗೊತ್ತಿರಲಿಲ್ಲ. ಬಲಗಡೆಯಿಂದ ಅಡ್ಡ ಬರುವ ದೋಣಿಯ ಎಡಬದಿ ನಮಗೆ ಕಾಣುತ್ತದೆ, ಅಂದರೆ ಕೆಂಪು ದೀಪ ಕಾಣುತ್ತದೆ, ಆದ್ದರಿಂದ ನಾವು ನಿಧಾನಿಸಿ ಅದರ ಹಿಂಬದಿಯಿಂದ ಹಾದುಹೋಗಬೇಕು. ಅದೇ ಹೊತ್ತಿನಲ್ಲಿ ಆ ದೋಣಿಯವರಿಗೆ ನಮ್ಮ ಬಲಬದಿಯ ಹಸಿರು ಕಾಣುತ್ತಿರುತ್ತದೆ, ಆದ್ದರಿಂದ ಅವರು ಮುಂದುವರಿಯಬೇಕು. ಕತ್ತಲೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದರೂ, ಭಾಷೆ ಬೇರೆಯಾಗಿದ್ದರೂ, ಇಬ್ಬರಿಗೂ ತಮ್ಮ ತಮ್ಮ ಪಾಲಿನ ಕೆಲಸ ತಿಳಿಯುತ್ತದೆ. ಮುಂದುವರಿಯಬೇಕಾದ ದೋಣಿ ತನ್ನ ಹಾದಿಯನ್ನೂ ವೇಗವನ್ನೂ ಬದಲಿಸಬಾರದು ಎಂಬ ಮಾತು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ನಾನು ಸಭ್ಯತೆಯಿಂದ ಸರಿಯಲು ಹೋದರೆ, ಎದುರಿನವನು ನಿಯಮದಂತೆ ಸರಿದರೆ, ಬಾಗಿಲಲ್ಲಿ ಎದುರಾದ ಇಬ್ಬರು ಒಂದೇ ಬದಿಗೆ ಹೆಜ್ಜೆ ಇಟ್ಟ ಹಾಗಾಗುತ್ತದೆ. ವ್ಯತ್ಯಾಸವೇನೆಂದರೆ ಇಲ್ಲಿ ಬ್ರೇಕ್ ಇಲ್ಲ. ನೇರ ಎದುರುಬದುರಾದಾಗ ಇಬ್ಬರೂ ಬಲಕ್ಕೆ ತಿರುಗಬೇಕು. ಎಡಕ್ಕೆ ಸರಿಯುವ ರಸ್ತೆಯ ಊರಿನಿಂದ ಬಂದ ನನಗೆ ಇದು ಅಮೆರಿಕದ ರಸ್ತೆಯ ನಿಯಮವಿರಬೇಕು ಎನ್ನಿಸಿತ್ತು. ಹಾಗಲ್ಲ, ಇದು 1972ರ ಅಂತರರಾಷ್ಟ್ರೀಯ ಒಪ್ಪಂದದ ನಿಯಮ, ಭಾರತವೂ ಅದಕ್ಕೆ ಒಳಪಟ್ಟ ದೇಶವೇ ಎಂದು ಆಮೇಲೆ ತಿಳಿದುಕೊಂಡೆ. ಗಂಗೊಳ್ಳಿಯ ಅಳಿವೆಯಿಂದ ಹೊರಬಿದ್ದ ಟ್ರಾಲ್ ಬೋಟಿಗೂ ಕಡಲಿನಲ್ಲಿ ಇದೇ ನಿಯಮ.

ಮಾವನ ಕೂಗಿನ ಪದ್ಧತಿ ಏಕೆ ನಡೆಯುತ್ತಿತ್ತು ಎಂಬುದು ಆ ಮಧ್ಯಾಹ್ನ ನನಗೆ ಅರ್ಥವಾಯಿತು. ಆ ಕಡವಿನಲ್ಲಿ ಓಡಾಡುತ್ತಿದ್ದ ಏಳೆಂಟು ದೋಣಿಗಳವರು ಒಬ್ಬರಿಗೊಬ್ಬರು ನೆಂಟರು. ಯಾರು ಹೇಗೆ ತಿರುಗಿಸುತ್ತಾರೆ, ಯಾರಿಗೆ ಕಿವಿ ಮಂದ, ಯಾರು ಬೆಳಿಗ್ಗೆಯೇ ಕುಡಿದಿದ್ದಾರೆ ಎಂಬುದೆಲ್ಲ ಎಲ್ಲರಿಗೂ ಗೊತ್ತಿತ್ತು. ಅಪರಿಚಿತರು ತುಂಬಿದ ನೀರಿನಲ್ಲಿ ಆ ತಿಳಿವಳಿಕೆ ಕೆಲಸಕ್ಕೆ ಬರುವುದಿಲ್ಲ.

ಊಟದ ನಂತರ ಭಾರದ ಲೆಕ್ಕ. 20 ಅಡಿಗಿಂತ ಚಿಕ್ಕದಾದ ಎಂಜಿನ್ ದೋಣಿಗಳ ಮೇಲೆ ಎಷ್ಟು ಜನ, ಎಷ್ಟು ತೂಕ ಎಂದು ತಯಾರಕರು ಹೊಡೆದ ತಗಡೊಂದು ಇರುತ್ತದೆ. ಅದು ಕಿತ್ತುಹೋಗಿದ್ದರೆ ಒಂದು ಸ್ಥೂಲ ಸೂತ್ರವಿದೆ. ದೋಣಿಯ ಉದ್ದವನ್ನು ಅಗಲದಿಂದ ಗುಣಿಸಿ, ಎರಡೂ ಅಡಿಗಳಲ್ಲಿರಬೇಕು, 15ರಿಂದ ಭಾಗಿಸಿದರೆ ಬರುವ ಸಂಖ್ಯೆಯಷ್ಟು ಜನ, ಅದೂ ನೀರು ಶಾಂತವಾಗಿರುವಾಗ. ನನ್ನ ದೋಣಿ 16 ಅಡಿ ಉದ್ದ, 6 ಅಡಿ ಅಗಲ, ಆರು ಜನ. ಪುಸ್ತಕದ ಅಂಚಿನಲ್ಲಿ ಮಾವನ ದೋಣಿಯ ಲೆಕ್ಕವನ್ನೂ ಹಾಕಿದೆ. ಅದು ಮರದ ದೋಣಿ, ಸುಮಾರು 24 ಅಡಿ ಉದ್ದ, 6 ಅಡಿ ಅಗಲ. ಈ ಸೂತ್ರ ಆ ಬಗೆಯ ದೋಣಿಗೆ ಮಾಡಿದ್ದಲ್ಲ ಎಂಬುದು ಗೊತ್ತಿದ್ದೂ ಭಾಗಿಸಿ ನೋಡಿದೆ: ಒಂಬತ್ತು. ನಾವು ಇಪ್ಪತ್ತೈದು ಜನರನ್ನು ಕೂರಿಸುತ್ತಿದ್ದೆವು. ಮಾವನ ಲೆಕ್ಕ ಬೇರೆ. ದೋಣಿಯ ಅಂಚಿಗೂ ನೀರಿಗೂ ನಡುವೆ ನಾಲ್ಕು ಬೆರಳು ಉಳಿಯುವವರೆಗೆ ಹತ್ತಿಸಬಹುದು.

ಅಲ್ಲಿಂದ ಪಾಠ ಪ್ರಯಾಣಿಕರ ಕಡೆಗೆ ಹೊರಳಿತು. ಚಿಕ್ಕ ದೋಣಿಗಳಲ್ಲಿ ಜನ ನೀರಿಗೆ ಬೀಳುವುದು ಬಹುಪಾಲು ಬಿರುಗಾಳಿಯಿಂದಲ್ಲ, ಏಳುವುದರಿಂದ, ಬಾಗುವುದರಿಂದ, ಎಲ್ಲರೂ ಒಂದೇ ಬದಿಗೆ ಹೋಗುವುದರಿಂದ ಎಂದು ಹೇಳಿ ಆ ಮಹಿಳೆ ಮುಂದುವರಿಸಿದರು: ಹೊರಡುವ ಮೊದಲು, ಯಾರು ಎಲ್ಲಿ ಕೂರಬೇಕು, ಯಾವಾಗ ಏಳಬಾರದು, ಬಿದ್ದರೆ ಏನು ಮಾಡಬೇಕು ಎಂದು ಹೇಳುವುದು ನಡೆಸುವವನ ಕರ್ತವ್ಯ, ಹೇಳದೆ ಹೊರಟರೆ ಅವರು ಎದ್ದದ್ದು ಅವರ ತಪ್ಪಲ್ಲ.

ನನಗೆ ಹನ್ನೊಂದು ವರ್ಷವಾಗಿದ್ದಾಗ, 1974ರಲ್ಲಿ, ಸಂತೆಯ ದಿನ ಮಾವನ ದೋಣಿ ದಕ್ಕೆಗೆ ತಾಗುವ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಎದ್ದು ದಂಡೆಯ ಬದಿಗೆ ನುಗ್ಗಿದರು. ದೋಣಿ ಆ ಬದಿಗೆ ವಾಲಿ, ನೀರು ಒಳಗೆ ಬಂದು, ನಾಲ್ಕು ಜನ ಬಿದ್ದರು. ಎದೆಯಷ್ಟೇ ಆಳವಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಒಬ್ಬಾಕೆಯ ಮಲ್ಲಿಗೆಯ ಬುಟ್ಟಿ ಇಳಿತದ ಸೆಳವಿಗೆ ಸಿಕ್ಕಿ ಅಳಿವೆಯತ್ತ ಹೋಯಿತು. ಆಕೆ ದಂಡೆಯ ಮೇಲೆ ಕೂತು ಅತ್ತದ್ದು ಇಂದಿಗೂ ನೆನಪಿದೆ. ಮಾವ ಆಕೆಗೆ ಅಂದಿನ ದುಡಿಮೆಯನ್ನೆಲ್ಲ ಕೊಟ್ಟರು. ಆದರೆ ಮನೆಯಲ್ಲಿ ಅಜ್ಜಿ ಬೈದಾಗ ಅವರು ಆಡಿದ್ದು ಒಂದೇ ಮಾತು: "ಏಳುಕೆ ನಾನ್ ಹೇಳಿದ್ನಾ?" ಐವತ್ತು ವರ್ಷಗಳ ಕಾಲ ನಾನು ಆ ಮಾತನ್ನು ನ್ಯಾಯವೆಂದೇ ನಂಬಿದ್ದೆ. ಏಳಬೇಡಿ ಎಂದಾದರೂ ಹೇಳಿದ್ದರೇ ಎಂಬ ಪ್ರಶ್ನೆ ಆ ಸಭಾಕೋಣೆಯಲ್ಲಿ ಮೊದಲ ಬಾರಿಗೆ ಎದ್ದಿತು. ಹೇಳಿರಲಿಲ್ಲ. ನಾನೂ ಆ ದೋಣಿಯಲ್ಲಿದ್ದೆ, ನಾನೂ ಹೇಳಿರಲಿಲ್ಲ.

ತಣ್ಣೀರಿನ ಪಾಠ ನನಗೆ ಪೂರ್ತಿ ಹೊಸದು. ನಮ್ಮ ಕರಾವಳಿಯ ನೀರು ವರ್ಷವಿಡೀ ಬೆಚ್ಚಗಿರುತ್ತದೆ. ಅಲ್ಲಿ ಬಿದ್ದವನಿಗೆ ಈಜು ಬಂದರೆ ಸಾಕು ಎಂಬ ನಂಬಿಕೆಗೆ ಆಧಾರವಿದೆ. ಇಲ್ಲಿಯ ಫೋಲ್ಸಮ್ ಜಲಾಶಯಕ್ಕೆ ಬರುವುದು ಸಿಯೆರಾ ನೆವಾಡ ಪರ್ವತಗಳ ಕರಗಿದ ಹಿಮ. ದಂಡೆಯ ಮೇಲೆ ಬೆವರು ಇಳಿಯುವ ಮೇ ತಿಂಗಳಿನಲ್ಲಿಯೂ ನೀರು ಕೊರೆಯುತ್ತಿರುತ್ತದೆ. ಅಂಥ ನೀರಿಗೆ ಬಿದ್ದವರ ಬಗ್ಗೆ ಒಂದು, ಹತ್ತು, ಒಂದು ಎಂಬ ಲೆಕ್ಕ ಹೇಳಿಕೊಟ್ಟರು: ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಏದುಸಿರಿನ ನಡುವೆ ಬಾಯೊಳಗೆ ನೀರು ಹೋದರೆ ಅಲ್ಲಿಗೆ ಮುಗಿಯಿತು, ಆಮೇಲೆ ಸುಮಾರು ಹತ್ತು ನಿಮಿಷ ಕೈಕಾಲು ಹೇಳಿದಂತೆ ಕೇಳುತ್ತವೆ, ಅದಾದ ಮೇಲೆ ಪ್ರಜ್ಞೆ ತಪ್ಪುವುದಕ್ಕೆ ಸುಮಾರು ಒಂದು ಗಂಟೆ. ಎಂದರೆ ಒಳ್ಳೆಯ ಈಜುಗಾರ ಕೂಡ ಹತ್ತು ನಿಮಿಷಗಳ ನಂತರ ಈಜುಗಾರನಲ್ಲ. ಆ ಒಂದು ಗಂಟೆ ದಕ್ಕುವುದು ಮೈಮೇಲೆ ಲೈಫ್ ಜಾಕೆಟ್ ಇದ್ದವನಿಗೆ ಮಾತ್ರ. ದೋಣಿಯ ಪೆಟ್ಟಿಗೆಯೊಳಗಿರುವ ಜಾಕೆಟ್ಟನ್ನು ಬಿದ್ದ ಮೇಲೆ ತೊಡುವುದು ಸಾಧ್ಯವೇ ಎಂದು ಯಾರೋ ಕೇಳಿದರು. ಆಕೆ ಪ್ಲಾಸ್ಟಿಕ್ ತೊಟ್ಟಿಯೊಂದರಲ್ಲಿ ಮಂಜುಗಡ್ಡೆಯ ನೀರು ತಂದಿಟ್ಟಿದ್ದರು. ಒಬ್ಬೊಬ್ಬರೂ ಮೂರು ನಿಮಿಷ ಕೈ ಅದ್ದಿ, ಆಮೇಲೆ ಜಾಕೆಟ್ಟಿನ ಬಕಲ್ ಹಾಕಲು ಪ್ರಯತ್ನಿಸಬೇಕಿತ್ತು. ಐವತ್ತು ವರ್ಷ ಮೀನು ಹಿಡಿದ ನನ್ನ ಪಕ್ಕದವರಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಆ ದಿನದ ಎಂಟು ಗಂಟೆಗಳ ಪಾಠದಲ್ಲಿ ಕೈಯಿಂದ ಮಾಡಿದ ಕೆಲಸ ಅದೊಂದೇ. ಮರೆಯದೆ ಉಳಿದದ್ದೂ ಅದೇ.

ಮದ್ಯ, ಎಂಜಿನ್ನಿನ ಹೊಗೆಯ ವಿಷ, ಅಪಘಾತವಾದರೆ ವರದಿ ಮಾಡಬೇಕಾದ ಅವಧಿ ಇತ್ಯಾದಿಗಳನ್ನು ಆಕೆ ಬೇಗ ಬೇಗ ಹೇಳಿ ಮುಗಿಸಿದರು. ಕೊನೆಯಲ್ಲಿ ಕೋಸ್ಟ್ ಗಾರ್ಡ್‌ನ ಅಂಕಿಅಂಶ ತೋರಿಸಿದರು. 2023ರಲ್ಲಿ ಇಡೀ ಅಮೆರಿಕದಲ್ಲಿ ವಿಹಾರದ ದೋಣಿಗಳ ಅವಘಡಗಳಲ್ಲಿ ಸತ್ತವರು 564 ಜನ. ಕಾರಣ ತಿಳಿದ ಸಾವುಗಳಲ್ಲಿ ಶೇ. 75 ಮುಳುಗಿದ್ದರಿಂದ, ಹಾಗೆ ಮುಳುಗಿದವರಲ್ಲಿ ಶೇ. 87 ಜನ ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ನಡೆಸುವವರ ಶಿಕ್ಷಣದ ವಿವರ ತಿಳಿದಿದ್ದ ಪ್ರಕರಣಗಳಲ್ಲಿ ಶೇ. 75 ಸಾವುಗಳು ಸುರಕ್ಷತೆಯ ಪಾಠ ಕಲಿಯದವರು ನಡೆಸಿದ ದೋಣಿಗಳಲ್ಲಿ ಆದವು.

ಮೂವತ್ತು ವರ್ಷ ಎಂಜಿನಿಯರಾಗಿ ಲೆಕ್ಕಗಳ ನಡುವೆ ಬದುಕಿದ ನನಗೆ ಈ ಕೊನೆಯ ಅಂಕಿ ಸಮಾಧಾನ ಕೊಡಲಿಲ್ಲ. ನೀರಿನ ಮೇಲಿರುವ ಒಟ್ಟು ಜನರಲ್ಲಿಯೇ ಮುಕ್ಕಾಲು ಪಾಲು ಪಾಠ ಕಲಿಯದವರಾಗಿದ್ದರೆ, ಸಾವುಗಳಲ್ಲಿಯೂ ಮುಕ್ಕಾಲು ಪಾಲು ಅವರದಾಗಿರುವುದು ಸಹಜ. ಅದರಿಂದ ಪಾಠ ಜೀವ ಉಳಿಸುತ್ತದೆ ಎಂದಾಗಲಿ ಉಳಿಸುವುದಿಲ್ಲ ಎಂದಾಗಲಿ ಸಿದ್ಧವಾಗುವುದಿಲ್ಲ. ಕೈ ಎತ್ತಿ ಇದನ್ನು ಹೇಳಿದೆ. ಆಕೆ ಒಪ್ಪಿದರು. "ಆದರೆ ಜಾಕೆಟ್ಟಿನ ಅಂಕಿಯ ಬಗ್ಗೆ ವಾದ ಮಾಡಬೇಕಾದರೆ ಮೊದಲು ಈ ತೊಟ್ಟಿಯಲ್ಲಿ ಇನ್ನೊಮ್ಮೆ ಕೈ ಅದ್ದಿ" ಎಂದರು. ತರಗತಿ ನಕ್ಕಿತು.

ಪರೀಕ್ಷೆ ಅಂದೇ ಸಂಜೆ. ಎಲ್ಲವೂ ಆಯ್ಕೆಯ ಪ್ರಶ್ನೆಗಳು. ಪಾಸಾದೆ, ಪಕ್ಕದವರೂ ಪಾಸಾದರು. ಪ್ರಮಾಣಪತ್ರದ ವಿವರವನ್ನು ರಾಜ್ಯದ ದೋಣಿ ಮತ್ತು ಜಲಮಾರ್ಗ ವಿಭಾಗಕ್ಕೆ ಅಂತರ್ಜಾಲದ ಮೂಲಕ ಕಳುಹಿಸಿ 10 ಡಾಲರ್ ಕಟ್ಟಿದೆ. ಕೆಲವು ವಾರಗಳಲ್ಲಿ ಅಂಚೆಯಲ್ಲಿ ಕಾರ್ಡ್ ಬಂತು.

ಅದೇ ಆಕ್ಸಿಲಿಯರಿಯವರು ದೋಣಿಯನ್ನು ಉಚಿತವಾಗಿ ತಪಾಸಣೆ ಮಾಡಿಕೊಡುತ್ತಾರೆಂದು ಕೇಳಿ, ದೋಣಿ ಇಳಿಸುವ ಮುನ್ನ ಅದನ್ನೂ ಮಾಡಿಸಿದೆ. ತಪ್ಪು ಸಿಕ್ಕರೆ ದಂಡವಿಲ್ಲ, ಹೇಳಿ ಕಳುಹಿಸುತ್ತಾರೆ. ಎಲ್ಲವೂ ಸರಿಯಿದ್ದರೆ ಆ ವರ್ಷದ ಚೀಟಿಯೊಂದನ್ನು ಅಂಟಿಸುತ್ತಾರೆ. ಮೊದಲ ಸಲ ನಾನು ನಪಾಸು. ಹಳೆಯ ಮಾಲೀಕರು ಕೊಟ್ಟಿದ್ದ ಬೆಂಕಿ ಆರಿಸುವ ಡಬ್ಬಿಯ ತಳದಲ್ಲಿ 2009 ಎಂಬ ಮುದ್ರೆಯಿತ್ತು. ಒಮ್ಮೆ ಬಳಸಿ ಎಸೆಯುವ ಬಗೆಯವು ತಯಾರಾಗಿ 12 ವರ್ಷಗಳ ನಂತರ ಲೆಕ್ಕಕ್ಕಿಲ್ಲ. 16 ಅಡಿ ಮತ್ತು ಅದಕ್ಕಿಂತ ಉದ್ದದ ದೋಣಿಯಲ್ಲಿ, ಬಿದ್ದವರ ಕಡೆಗೆ ಎಸೆಯಲು ತೇಲುವ ಸಾಧನವೊಂದು ಇರಬೇಕು, ನನ್ನಲ್ಲಿ ಇರಲಿಲ್ಲ. ನನ್ನದು 15 ಅಡಿಯಾಗಿದ್ದಿದ್ದರೆ ಬೇಕಾಗುತ್ತಿರಲಿಲ್ಲವೇ ಎಂದು ಕೇಳಿದೆ. ಕಾನೂನಿಗೆ ಬೇಕಾಗುತ್ತಿರಲಿಲ್ಲ, ಬಿದ್ದವನಿಗೆ ಬೇಕಾಗುತ್ತಿತ್ತು ಎಂದರು ತಪಾಸಣೆಯವರು.

ಮೊದಲ ಸಲ ಫೋಲ್ಸಮ್‌ನಲ್ಲಿ ದೋಣಿ ಇಳಿಸಿದ ದಿನ ಎಂಜಿನ್ನಿನ ಕೆಂಪು ದಾರವನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡೆ. ನಡೆಸುವವನು ನೀರಿಗೆ ಬಿದ್ದರೆ ಆ ದಾರ ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಯಾರೂ ಹಿಡಿಯದ ದೋಣಿ ಸುತ್ತು ಹೊಡೆದು, ಬಿದ್ದವನ ಮೇಲೆಯೇ ಹಿಂದಿರುಗಿ ಬರುತ್ತದೆ. 2021ರ ಏಪ್ರಿಲ್‌ನಿಂದ ಚಿಕ್ಕ ದೋಣಿಗಳಲ್ಲಿ ಇದರ ಬಳಕೆ ಅಮೆರಿಕದಾದ್ಯಂತ ಕಡ್ಡಾಯ. ಹೊರಡುವ ಮುನ್ನ ಹೆಂಡತಿಗೂ ಮಗಳಿಗೂ ಐದು ನಿಮಿಷ ಭಾಷಣ ಮಾಡಿದೆ: ಎಲ್ಲಿ ಕೂರಬೇಕು, ನಾನು ಬಿದ್ದರೆ ಯಾವ ಗುಂಡಿ ಒತ್ತಬೇಕು, ದಡ ಸೇರುವಾಗ ಯಾರು ಮೊದಲು ಏಳಬೇಕು. ಗಂಗೊಳ್ಳಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು.

ಜುಲೈ ಆರಂಭದ ರಜೆಯ ದಿನಗಳಲ್ಲಿ ಅದೇ ನೀರಿನಲ್ಲಿ ಬೇರೊಂದು ಅನುಭವವಾಯಿತು. ಬಾಡಿಗೆಯ ಜೆಟ್‌ಸ್ಕೀ ಮೇಲೆ ಇಬ್ಬರು ಯುವಕರು ನಮ್ಮ ಎಡಗಡೆಯಿಂದ ಅಡ್ಡ ಬಂದರು. ಅವರಿಗೆ ಕಾಣುತ್ತಿದ್ದದ್ದು ನಮ್ಮ ಹಸಿರುಬದಿಯಲ್ಲ, ಕೆಂಪುಬದಿ; ಅಂದರೆ ದಾರಿ ಬಿಡಬೇಕಾದವರು ಅವರು. ಬಿಡದೆ, ಸುತ್ತು ಹಾಕಿ ಮತ್ತೆ ಬಲಗಡೆಯಿಂದಲೂ ಬಂದರು. ನಿಯಮದ ಪ್ರಕಾರ ಸಂದೇಹ ಅಥವಾ ಅಪಾಯವಿದ್ದಾಗ ಐದು ಚಿಕ್ಕ ಸದ್ದು ಮಾಡಬೇಕು, ಮಾಡಿದೆ. ಅವರು ಬಹಳ ಸಂತೋಷದಿಂದ ನನಗೆ ಕೈ ಬೀಸಿದರು. ಅವರನ್ನು ದೂರಿ ಪ್ರಯೋಜನವಿಲ್ಲ, ಏಕೆಂದರೆ ಬಾಡಿಗೆಗೆ ಪಡೆದು ನಡೆಸುವವರಿಗೆ ಈ ಕಾರ್ಡ್ ಬೇಕಿಲ್ಲ ಎಂದು ಕಾನೂನೇ ಬಿಟ್ಟುಕೊಟ್ಟಿದೆ. ವರ್ಷಕ್ಕೊಮ್ಮೆ ನೀರಿಗಿಳಿಯುವ, ಅತಿ ಕಡಿಮೆ ತಿಳಿದಿರುವ ಜನರನ್ನು ಹೊರಗಿಟ್ಟು, ಐವತ್ತು ವರ್ಷ ಮೀನು ಹಿಡಿದವರನ್ನು ತರಗತಿಯಲ್ಲಿ ಕೂರಿಸುವುದು ಯಾವ ತರ್ಕ ಎಂದು ಪಕ್ಕದವರು ಅಂದು ಕೇಳಿದ್ದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಕಾನೂನಿನ ಎರಡನೆಯ ಕೊರತೆಯೂ ಅಷ್ಟೇ ದೊಡ್ಡದು: ದೋಣಿಯನ್ನು ನೀರಿಗಿಳಿಸಿ ನಡೆಸಿ ತೋರಿಸಬೇಕೆಂದು ಯಾರೂ ಕೇಳುವುದಿಲ್ಲ. ಕಾರಿಗೆ ರಸ್ತೆಯ ಪರೀಕ್ಷೆ ಇದೆ, ದೋಣಿಗೆ ಕಾಗದದ ಪರೀಕ್ಷೆ ಸಾಕು.

ಆ ಜೆಟ್‌ಸ್ಕೀ ಪ್ರಸಂಗಕ್ಕೆ ಎರಡು ವಾರ ಮೊದಲು, ಜೂನ್ 21ರಂದು, ಟಾಹೊ ಸರೋವರದಲ್ಲಿ ಮಧ್ಯಾಹ್ನ ದಿಢೀರನೆ ಎದ್ದ ಬಿರುಗಾಳಿಗೆ 27 ಅಡಿಯ ದೋಣಿಯೊಂದು ಮಗುಚಿ, ಅದರಲ್ಲಿದ್ದ ಹತ್ತು ಜನರಲ್ಲಿ ಎಂಟು ಜನ ಸತ್ತಿದ್ದರು. ಅಲೆಗಳು ಎಂಟು ಅಡಿ ಎದ್ದಿದ್ದವೆಂದು ವರದಿಯಾಯಿತು. ಅಲ್ಲಿ ಯಾರು ಏನು ಮಾಡಬೇಕಿತ್ತು ಎಂದು ದಡದಲ್ಲಿ ಕೂತು ಹೇಳುವ ಹಕ್ಕು ನನಗಿಲ್ಲ. ಆದರೆ ಅದಾದ ಮರುವಾರ ನಮ್ಮ ಕನ್ನಡ ಗೆಳೆಯರು ಒಬ್ಬರ ಮನೆಯಲ್ಲಿ ಊಟಕ್ಕೆ ಸೇರಿದಾಗ ಮಾತು ಅಲ್ಲಿಗೇ ಹೋಯಿತು. ಒಬ್ಬರು, ಕಾರ್ಡ್ ಇದ್ದರೆ ಗಾಳಿ ನಿಲ್ಲುತ್ತದೆಯೇ ಎಂದರು. ನಿಲ್ಲುವುದಿಲ್ಲ. ನಾನು ಕಲಿತ ಪಾಠದಲ್ಲಿ ಅಲೆಯನ್ನು ಗೆಲ್ಲುವ ವಿದ್ಯೆ ಇರಲೇ ಇಲ್ಲ. ಮುನ್ಸೂಚನೆ ನೋಡದೆ ಹೊರಡಬೇಡ, ಗಾಳಿ ಏಳುವ ಮೊದಲೇ ಜಾಕೆಟ್ ತೊಡಿಸು, ಹೋಗುವ ಜಾಗ ಮತ್ತು ಬರುವ ಹೊತ್ತನ್ನು ದಡದಲ್ಲಿರುವ ಒಬ್ಬರಿಗೆ ಹೇಳಿಟ್ಟು ಹೋಗು ಎಂಬಂಥ, ದೋಣಿ ಹತ್ತುವ ಮುನ್ನವೇ ಮುಗಿಯುವ ಕೆಲಸಗಳೇ ಅದರಲ್ಲಿ ಮುಕ್ಕಾಲು ಪಾಲು. ನೀರನ್ನು ಬಲ್ಲವರು ಅವನ್ನೇ ಬಿಡುತ್ತಾರೆ, ಏಕೆಂದರೆ ಅವರ ಭರವಸೆ ಇರುವುದು ತಮ್ಮ ಕೈಯ ಮೇಲೆ. ಕಡ್ಡಾಯ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಕು ಎಂಬುದೇ, ಮತ್ತು ಅದಕ್ಕೆ ಪುರಾವೆ ನಾನೇ: ಕಡ್ಡಾಯವಲ್ಲದಿದ್ದರೆ ನಾನು ಆ ತರಗತಿಗೆ ಖಂಡಿತ ಹೋಗುತ್ತಿರಲಿಲ್ಲ.

ಊರಿನ ಮಾತು ಬಂದಾಗ ವಿಷಯ ಬೇರೆಯಾಗುತ್ತದೆ. ನಾನು ಪಡೆದದ್ದು ಸ್ವಂತ ಮೋಜಿನ ದೋಣಿಯ ಕಾರ್ಡ್. ಮಾವನಂತೆ ಹಣ ಪಡೆದು ಜನರನ್ನು ಸಾಗಿಸಬೇಕಾದರೆ ಇಲ್ಲಿ ಕೋಸ್ಟ್ ಗಾರ್ಡ್‌ನ ಪರವಾನಗಿಯೇ ಬೇಕು, ಅದರಲ್ಲಿ ಅತ್ಯಂತ ಚಿಕ್ಕ ದರ್ಜೆಗೂ 360 ದಿನಗಳ ನೀರಿನ ಅನುಭವ, ವೈದ್ಯಕೀಯ ಪರೀಕ್ಷೆ, ಲಿಖಿತ ಪರೀಕ್ಷೆ ಇವೆ. ಭಾರತದಲ್ಲಿಯೂ ಕಾನೂನು ಇಲ್ಲವೆಂದಲ್ಲ. 1917ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ, ಯಂತ್ರದಿಂದ ನಡೆಯುವ ಹಡಗು ದೋಣಿಗಳಿಗೆ ನೋಂದಣಿಯನ್ನೂ, ಅವುಗಳ ಸಿಬ್ಬಂದಿಗೆ ಅರ್ಹತೆಯ ಪ್ರಮಾಣಪತ್ರವನ್ನೂ ವಿಧಿಸುತ್ತದೆ. ಹಾಗಿದ್ದೂ 2023ರ ಮೇ 7ರಂದು ಕೇರಳದ ತಾನೂರಿನಲ್ಲಿ, ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಪ್ರವಾಸಿಗರನ್ನು ಮಿತಿ ಮೀರಿ ತುಂಬಿದ್ದ ದೋಣಿ ಮಗುಚಿ 22 ಜನ ಸತ್ತರು. ಅದಕ್ಕೂ ಮೊದಲು, 2019ರ ಜನವರಿ 21ರಂದು, ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಡಲಿನಲ್ಲಿ ಮಗುಚಿ 16 ಜನ ಸತ್ತರು. ಜಾತ್ರೆಯ ದಿನ ಜನ ಕಾಯುತ್ತ ನಿಂತಿರುವಾಗ ಸಾಕು ಎನ್ನುವುದು ಎಷ್ಟು ಕಷ್ಟ ಎಂಬುದನ್ನು ನಾನು ಮಾವನ ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಊರಿನಲ್ಲಿ ಇಂಥ ಪಾಠ ಕಡ್ಡಾಯವಾದರೆ ಅದು ಕಾಗದದ ಮೇಲೆ ಬರಕೂಡದು. ಮಾವನಂಥವರಿಗೆ ಅಂತರ್ಜಾಲದ ಪರೀಕ್ಷೆ ಇಟ್ಟರೆ ಅದನ್ನು ಬರೆಯುವವನು ಪೇಟೆಯ ಸೈಬರ್ ಅಂಗಡಿಯ ಹುಡುಗ. ಪಾಠ ದಕ್ಕೆಯ ಮೇಲೆ, ಕನ್ನಡದಲ್ಲಿ, ಕೊಂಕಣಿಯಲ್ಲಿ, ಬಾಯಿಮಾತಿನಲ್ಲಿ ಆಗಬೇಕು; ಹೇಳುವವನ ಅಂಗೈಯಲ್ಲಿ ಹಗ್ಗದ ಗುರುತಿರಬೇಕು; ಪರೀಕ್ಷೆ ಎಂದರೆ ದೋಣಿಗೆ ಜನ ಹತ್ತಿಸಿ ಹೊರಡಿಸಿ ತೋರಿಸುವುದಾಗಬೇಕು. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಎರಡು ತಿಂಗಳು ಬೋಟುಗಳೆಲ್ಲ ದಡದಲ್ಲಿಯೇ ಇರುತ್ತವೆ. ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಮಾವ ತೀರಿಕೊಂಡು ಬಹಳ ವರ್ಷಗಳಾದವು. ಅವರ ಮಗ ಈಗ ಎಂಜಿನ್ ಹಾಕಿದ ದೋಣಿಯಲ್ಲಿ ಪ್ರವಾಸಿಗರನ್ನು ಹಿನ್ನೀರಿನಲ್ಲಿ ಸುತ್ತಾಡಿಸುತ್ತಾನೆ. ಕಾರ್ಡಿನ ಚಿತ್ರ ಕಳುಹಿಸಿದಾಗ ಮೊದಲು ಬಹಳ ಹೊತ್ತು ನಕ್ಕ. ಕಡವಿನ ಮನೆಯವರಿಗೆ ಅಮೆರಿಕದವರು ದೋಣಿ ಕಲಿಸಿದರು ಎಂದು ಮನೆಯವರನ್ನೆಲ್ಲ ಕರೆದು ತೋರಿಸಿದ. ಮಂಜುಗಡ್ಡೆಯ ತೊಟ್ಟಿಯ ಕಥೆ ಅವನಿಗೆ ಅಷ್ಟೇನೂ ರುಚಿಸಲಿಲ್ಲ, ಅಲ್ಲಿಯ ನೀರಿಗೆ ಅದು ಸಲ್ಲುವುದೂ ಇಲ್ಲ. ಉದ್ದ ಅಗಲದ ಸೂತ್ರ ಹೇಳಿದಾಗ ಸುಮ್ಮನೆ ಕೇಳಿಸಿಕೊಂಡ. ನಾಲ್ಕು ದಿನ ಬಿಟ್ಟು ಅವನೇ ಫೋನ್ ಮಾಡಿದ. ಟೇಪು ಹಿಡಿದು ಅಳೆದಿದ್ದನಂತೆ: 28 ಅಡಿ ಉದ್ದ, 7 ಅಡಿ ಅಗಲ. ಹದಿಮೂರು ಬರುತ್ತದೆ ಎಂದೆ. ಇದು ನಿನ್ನ ದೋಣಿಗೆಂದು ಮಾಡಿದ ಸೂತ್ರವಲ್ಲ, ಬಂದರು ಇಲಾಖೆಯ ತಪಾಸಣೆಯವರು ಹೇಳಿದ ಸಂಖ್ಯೆಯೇ ನಿನಗೆ ಲೆಕ್ಕ ಎಂದೂ ಹೇಳಿದೆ. ಅವರು ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ ಎಂದ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಎಲ್ಲೋ ಎಂಜಿನ್ನಿನ ಸದ್ದು ಕೇಳುತ್ತಿತ್ತು.

"ಹಬ್ಬದ್ ದಿನಕ್ಕೂ ಇದೇ ಲೆಕ್ಕ ಹಿಡಿಕಾ, ಭಾವ?" ಎಂದು ಕೇಳಿದ.

ಹೌದೆಂದೆ. ಈ ದೀಪಾವಳಿಗೆ ಹದಿಮೂರು ಜಾಕೆಟ್ಟುಗಳ ದುಡ್ಡು ನಾನು ಕಳುಹಿಸುವುದೆಂದೂ, ಹದಿನಾಲ್ಕನೆಯದನ್ನು ಕೊಳ್ಳದಿರುವುದು ಅವನ ಜವಾಬ್ದಾರಿಯೆಂದೂ ಮಾತಾಯಿತು. ಅವನಿಗೊಂದು ಬೇಕಲ್ಲ ಎಂದು ಫೋನ್ ಇಟ್ಟ ಮೇಲೆ ನೆನಪಾಗಿ, ನಡೆಸುವವನೂ ಆ ಹದಿಮೂರರೊಳಗೇ ಲೆಕ್ಕ ಎಂದು ಮತ್ತೆ ಫೋನ್ ಮಾಡಿ ಹೇಳಬೇಕಾಯಿತು.